ನನ್ನ ಪಾಲಿನ ಹಾಲು

ಕಳೆದ ಮೇ ತಿಂಗಳಲ್ಲಿ ನಮ್ಮ ಮಣ್ಣಗುಡ್ಡದ ಮಹಿಳಾ ಸಂಘದ ಕಾರ್ಯದರ್ಶಿ ಮನೆಗೆ ಬಂದಳು. ತಾಯಂದಿರ ದಿನಕ್ಕೆ ವಠಾರದ ಹಿರಿಯ ತಾಯಂದಿರಿಗೆ ಸನ್ಮಾನವಂತೆ. ತೊಂಬತ್ತು ದಾಟಿದವರಲ್ಲಿ ನನ್ನ ಅಮ್ಮನೇ ದೊಡ್ಡವಳು. ಕಾರ್ಯದರ್ಶಿಗೆ ನನ್ನ ಮಗಳ ವಯಸ್ಸೂ ಆಗಿಲ್ಲ. ಸೋಫಾದ ತುದಿಯಲ್ಲಿ ಕುಳಿತು ಮೊಬೈಲಿನಲ್ಲಿ ಟೈಪ್ ಮಾಡಿಕೊಳ್ಳುತ್ತಾ ಕೇಳಿದಳು.

“ಅಜ್ಜಿ, ನಿಮಗೆ ಎಷ್ಟು ಮಕ್ಕಳು?”

“ನಾಲ್ಕು,” ಎಂದಳು ಅಮ್ಮ.

“ಎರಡು,” ಎಂದೆ ನಾನು.

ಹುಡುಗಿ ನಮ್ಮಿಬ್ಬರ ಮುಖ ನೋಡಿದಳು. ತೊಂಬತ್ತು ದಾಟಿದವರಿಗೆ ಮರೆವು ಸಹಜ ಎಂದು ಅವಳ ಕಣ್ಣು ನನ್ನ ಪಕ್ಷಕ್ಕೆ ವಾಲಿತು. ಅಮ್ಮನಿಗೆ ಅದು ಕಂಡಿತು.

“ಹೆತ್ತದ್ದು ಎರಡು, ಹಾಲು ಕೊಟ್ಟದ್ದು ನಾಲ್ಕು. ನೀನು ನಾಲ್ಕು ಅಂತಲೇ ಬರಿ ಮಗಾ. ಈ ಟೀಚರಿಗೆ ಲೆಕ್ಕ ಬರುದಿಲ್ಲ, ಅವಳದ್ದು ಇಂಗ್ಲಿಷ್ ಸಬ್ಜೆಕ್ಟ್.”

ಹುಡುಗಿ ನಕ್ಕು ನಾಲ್ಕು ಎಂದೇ ಬರೆದುಕೊಂಡಳು. ಆಮೇಲೆ ಕಾರ್ಯಕ್ರಮದ ಕ್ರಮ ಹೇಳಿದಳು. ಪ್ರತಿಯೊಬ್ಬ ತಾಯಿಯನ್ನೂ ಮಕ್ಕಳಲ್ಲಿ ಒಬ್ಬರು ಕೈಹಿಡಿದು ಸ್ಟೇಜಿಗೆ ಕರೆತರಬೇಕು, ಶಾಲು ಹೊದೆಸಬೇಕು, ಮೈಕಿನಲ್ಲಿ ಎರಡು ಮಾತು ಆಡಬೇಕು. ನಾನು ಆಗಲೇ ಮನಸ್ಸಿನಲ್ಲಿ ಭಾಷಣ ಶುರು ಮಾಡಿದ್ದೆ. ಅಣ್ಣ ತೀರಿಹೋಗಿ ವರ್ಷಗಳಾದವು. ಮತ್ತೆ ಉಳಿದವಳು ನಾನೊಬ್ಬಳೇ. ಯಾವ ಸೀರೆ ಉಡುವುದೆಂದು ಸಹ ಯೋಚಿಸಿ ಆಗಿತ್ತು.

“ಜೆಪ್ಪಿನವಳು ಕರ್ಕೊಂಡು ಬರ್ತಾಳೆ ನನ್ನನ್ನು,” ಎಂದಳು ಅಮ್ಮ.

ಜೆಪ್ಪಿನವಳು ಎಂದರೆ ಯಾರು ಎಂದು ಹೇಳಲು ನಾನು ಎಪ್ಪತ್ತು ವರ್ಷ ಹಿಂದೆ ಹೋಗಬೇಕು.

ನಮ್ಮ ಪಕ್ಕದ ಮನೆಯಲ್ಲಿ ಒಂದು ಬ್ಯಾರಿ ಮುಸಲ್ಮಾನರ ಕುಟುಂಬವಿತ್ತು. ಮನೆಯ ಯಜಮಾನರಿಗೆ ಬಂದರಿನಲ್ಲಿ ಬೆಲ್ಲ, ಒಣಮೆಣಸಿನ ಸಗಟು ಅಂಗಡಿ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಎರಡು ಮನೆಗಳ ನಡುವೆ ಮೊಣಕಾಲೆತ್ತರದ ಒಂದು ಗೋಡೆ; ಗಂಡಸರು ಗೇಟಿನಿಂದ ಬರುತ್ತಿದ್ದರು, ಹೆಂಗಸರು ಗೋಡೆ ದಾಟಿ. ನಾನು ಹುಟ್ಟಿ ಆರು ತಿಂಗಳಿಗೆ ಆ ಮನೆಯಲ್ಲಿ ಒಂದು ಹೆಣ್ಣು ಹುಟ್ಟಿತು. ಹೆತ್ತವಳಿಗೆ ವಿಷಮಜ್ವರ ಬಂದು ಹಾಲು ಬತ್ತಿಹೋಯಿತು. ಮಗು ಹಸುವಿನ ಹಾಲು ಕುಡಿದದ್ದನ್ನೆಲ್ಲ ಕಾರುತ್ತಿತ್ತು. ಅಮ್ಮ ಗೋಡೆ ದಾಟಿ ಹೋಗಿ ಆ ಮಗುವನ್ನು ಎತ್ತಿಕೊಂಡಳು, ಯಾರನ್ನೂ ಕೇಳಲಿಲ್ಲ.

ಇಬ್ಬರು ಮಕ್ಕಳಿಗೆ ಸಾಲುವಷ್ಟು ಹಾಲು ಇರಲಿಲ್ಲವೆಂದು ನನ್ನ ಅಜ್ಜಿ ಹೇಳುತ್ತಿದ್ದರು. “ದೊಡ್ಡದು ನೀನಲ್ವಾ, ಹಾಗೆ ನಿನಗೆ ರಾಗಿಮಣ್ಣಿ. ಅವಳಿಗೆ ಹಾಲು.” ಅಜ್ಜಿ ಇದನ್ನು ತಮಾಷೆಗೆ ಹೇಳಿದ್ದು. ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಆರು ತಿಂಗಳ ಶಿಶುವಿಗೆ ನೆನಪು ಎಲ್ಲಿಂದ ಬರಬೇಕು? ಆದರೂ ಜೀವಮಾನವಿಡೀ ರಾಗಿಮಣ್ಣಿಯ ವಾಸನೆ ಬಂದರೆ ನನ್ನ ಮೂಗು ಸುಕ್ಕುಗಟ್ಟುತ್ತದೆ. ಡಾಕ್ಟರು ಅಲರ್ಜಿ ಅಲ್ಲ ಎನ್ನುತ್ತಾರೆ.

ಮುಸಲ್ಮಾನರಲ್ಲಿ ಒಂದು ಕಟ್ಟಳೆ ಉಂಟು. ಮಗುವಿಗೆ ಹೊಟ್ಟೆ ತುಂಬ ಮೊಲೆಹಾಲು ಕೊಟ್ಟವಳು ತಾಯಿಯೇ. ಯಾವ ಜಾತಿ, ಯಾವ ಧರ್ಮ ಎಂದು ಹಾಲಿಗೆ ಇಲ್ಲ. ಅವಳ ಮಕ್ಕಳು ಆ ಮಗುವಿಗೆ ಒಡಹುಟ್ಟಿದವರು. ಹಾಗಾಗಿ ಪಕ್ಕದ ಮನೆಯ ಆ ಹುಡುಗಿ ದೊಡ್ಡವಳಾಗಿ ಬೇರೆ ಗಂಡಸರೆದುರು ತಲೆಗೆ ಬಟ್ಟೆ ಹಾಕತೊಡಗಿದ ಮೇಲೆಯೂ ನನ್ನ ಅಣ್ಣನೆದುರು ಹಾಕುತ್ತಿರಲಿಲ್ಲ. ನಮ್ಮ ಅಡುಗೆಮನೆಗೆ ಬಂದು ಮಣೆ ಎಳೆದು ಕೂತು, “ಅಪ್ಪೆ, ಎಂತ ಉಂಟು ತಿನ್ಲಿಕ್ಕೆ?” ಎಂದು ಕೇಳುತ್ತಿದ್ದಳು.

ಅಪ್ಪೆ ಎನ್ನುವುದು ನಮ್ಮ ತುಳುವಿನ ಮಾತು. ಹೆತ್ತವಳನ್ನು ಅವಳು ಉಮ್ಮ ಎನ್ನುತ್ತಿದ್ದಳು, ನನ್ನ ಅಮ್ಮನನ್ನು ಅಪ್ಪೆ. ನಾನು? ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಡಾಕ್ಟರರ, ವಕೀಲರ ಮಕ್ಕಳೆಲ್ಲ ಮಮ್ಮಿ ಎನ್ನುತ್ತಿದ್ದರು. ಒಂದು ಸಂಜೆ ಮನೆಗೆ ಬಂದವಳೇ ನಾನೂ ಮಮ್ಮಿ ಎಂದು ಕರೆದೆ, ಅಮ್ಮ ನಕ್ಕು, “ಯಾರನ್ನು ಕರೀತಿದ್ದಿ ದೊರೆಸಾನಿ?” ಎಂದಳು. ನಾನು ಹಿಡಿದ ಹಟ ಬಿಡಲಿಲ್ಲ, ಇಂದಿಗೂ ಮಮ್ಮಿಯೇ. ನಾನು ಬಿಟ್ಟುಕೊಟ್ಟ ಮಾತು ಪಕ್ಕದ ಮನೆಯವಳ ಬಾಯಲ್ಲಿ ಉಳಿಯಿತು. ನಮ್ಮ ಹಿತ್ತಿಲ ಕಡೆಯಿಂದ “ಅಪ್ಪೆ” ಎಂದು ಕೇಳಿದಾಗೆಲ್ಲ ನನ್ನ ಪೆಟ್ಟಿಗೆಯಿಂದ ಯಾರೋ ನನ್ನ ಫ್ರಾಕ್ ತೆಗೆದು ಹಾಕಿಕೊಂಡಂತೆ ಅನಿಸುತ್ತಿತ್ತು.

ಕ್ರೈಸ್ತ ಮಕ್ಕಳಿಗೆ ಕ್ಯಾಟೆಕಿಸಂ ಪಾಠ ಇರುವಾಗ ಕಾನ್ವೆಂಟಿನ ಸಿಸ್ಟರ್ ಒಬ್ಬರು ನಮ್ಮಂಥ ಹಿಂದೂ ಮಕ್ಕಳಿಗೆ ಮಾರಲ್ ಸೈನ್ಸ್ ಹೇಳುತ್ತಿದ್ದರು. ಜೆಲಸಿ ಎನ್ನುವುದು ಸಣ್ಣತನ, ಅದನ್ನು ನುಂಗಿಬಿಡಬೇಕು ಎನ್ನುತ್ತಿದ್ದರು. ನಾನು ಒಳ್ಳೆಯ ಸ್ಟೂಡೆಂಟ್. ಅವತ್ತಿನಿಂದ ನುಂಗುತ್ತಲೇ ಬಂದಿದ್ದೇನೆ. ಅದು ಜೀರ್ಣವಾಗುತ್ತದೆಂದು ಸಿಸ್ಟರ್ ಹೇಳಿರಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅವಳ ಮದುವೆಯ ಮಾತಿನ ಸಮಯದಲ್ಲಿ. ನಾನು ಆಗ ಬಿ.ಎ. ಕಲಿಯುತ್ತಿದ್ದೆ. ಅವಳಿಗೆ ಒಂದು ಸಂಬಂಧ ಗೊತ್ತಾಯಿತು. ಹುಡುಗ ನಮ್ಮ ಅಣ್ಣನ ಪ್ರಾಯದವನು. ಅವನ ಮನೆಯವರು ಹಿಂದೆ ನಮ್ಮ ಓಣಿಯಲ್ಲೇ ಇದ್ದು ಆಮೇಲೆ ಪಡೀಲಿಗೆ ಹೋದವರು. ಒಳ್ಳೆಯ ವ್ಯಾಪಾರ, ನೋಡಲಿಕ್ಕೂ ಚೆಂದದ ಹುಡುಗ. ಅವಳಿಗೆ ಮನಸ್ಸಿತ್ತು. ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ನಿಶ್ಚಯಕ್ಕೆ ದಿನ ಇಟ್ಟ ಮೇಲೆ ಹುಡುಗನ ಅಜ್ಜಿಗೆ ಹಳೆಯದೊಂದು ನೆನಪಾಯಿತು. ಅವನು ಹುಟ್ಟಿದಾಗ ಅವನ ತಾಯಿಗೆ ಎದೆಯಲ್ಲಿ ಬಾವು ಆಗಿತ್ತು; ಓಣಿಯ ಯಾರದೋ ಮನೆಯಲ್ಲಿ ಹಾಲು ಕುಡಿಸಿ ತಂದದ್ದುಂಟು. ಯಾರ ಮನೆ? ನಮ್ಮ ಮನೆ.

ಒಬ್ಬಳೇ ತಾಯಿಯ ಹಾಲು ಕುಡಿದವರು ಅಣ್ಣ ತಂಗಿ. ಮದುವೆ ಆಗುವ ಹಾಗೆಯೇ ಇಲ್ಲ. ಎರಡು ಮನೆಯವರೂ ಸೀರೆ, ಚಿನ್ನ, ಊಟ ಎಲ್ಲ ವಿಚಾರಿಸಿದ್ದರು. ಇದನ್ನು ಮಾತ್ರ ಕೇಳಿರಲಿಲ್ಲ. ಕೇಳಬೇಕಾದದ್ದು ಗೋಡೆಯ ಈಚೆ ಇರುವ ಹಿಂದೂ ಹೆಂಗಸನ್ನು ಎಂದು ಯಾರಿಗೆ ಹೊಳೆಯಬೇಕು?

ಒಂದು ಸಂಜೆ ಅವರೆಲ್ಲ ನಮ್ಮ ಜಗಲಿಗೆ ಬಂದರು. ಅವಳ ತಂದೆ, ಹುಡುಗನ ಮಾವ, ಆ ಅಜ್ಜಿ. ಅಪ್ಪ ಕುರ್ಚಿ ಎಳೆದು ಕೊಟ್ಟರೂ ಅವರು ಕೂತುಕೊಳ್ಳದೆ ಅಮ್ಮನ ಕಡೆ ತಿರುಗಿದರು. ಅಮ್ಮ ಬಾಗಿಲ ಪಡಿ ಹಿಡಿದು ನಿಂತಿದ್ದಳು. ನಾನು ಅವಳ ಹಿಂದೆ.

“ಅಮ್ಮ, ಒಂದು ವಿಷಯ ಕೇಳ್ಲಿಕ್ಕುಂಟು,” ಎಂದರು ಹುಡುಗನ ಮಾವ. “ನಮ್ಮ ಹುಡುಗನಿಗೆ ಚಿಕ್ಕದಿರುವಾಗ ನೀವು ಹಾಲು ಕೊಟ್ಟದ್ದುಂಟಾ?”

“ಉಂಟು.”

“ಒಂದೋ ಎರಡೋ ಸಲ ಇರ್ಬೇಕು ಅಲ್ವಾ?” ಅವಳ ತಂದೆ ಕೇಳಿದರು. ಒಂದೆರಡು ಸಲ ಕೊಟ್ಟದ್ದು ಲೆಕ್ಕಕ್ಕಿಲ್ಲ ಎಂದು ಅವರ ಕ್ರಮ. ಆ ಮನುಷ್ಯ ಬಂದರಿನಲ್ಲಿ ಎಷ್ಟೋ ದೊಡ್ಡ ವ್ಯಾಪಾರ ಮಾಡಿದವರು, ಆದರೆ ಅಷ್ಟು ಆಸೆಯಿಂದ ಯಾರ ಮುಖವನ್ನೂ ನೋಡಿರಲಿಕ್ಕಿಲ್ಲ.

“ಅವನ ಉಮ್ಮನ ಬಾವು ಗುಣ ಆಗುವವರೆಗೆ ದಿನಾ ಕೊಟ್ಟಿದ್ದೇನೆ. ಹೊಟ್ಟೆ ತುಂಬಿ ಅವನೇ ಬಾಯಿ ಬಿಡ್ಬೇಕು, ಅಷ್ಟು.”

“ಸ್ವಲ್ಪ ಯೋಚನೆ ಮಾಡಿ ಹೇಳಿ ಅಮ್ಮ.”

“ಯೋಚನೆ ಮಾಡಿದ್ರೆ ಕುಡಿದ ಹಾಲು ಹಿಂದೆ ಬರ್ತದಾ, ಸಾಹುಕಾರ್ರೇ?”

ಅಜ್ಜಿ ಮಾತ್ರ ಕೂತುಬಿಟ್ಟರು. “ನಾನು ಹೇಳಿದೆ ಇವರಿಗೆ. ಮುದುಕಿಗೆ ತಲೆ ಸರಿ ಇಲ್ಲ ಅಂದ್ರು,” ಎಂದರು. ಚಹಾ ಕುಡಿದು ಎಲ್ಲರೂ ಹೋದರು. ಸಂಬಂಧ ಅಲ್ಲಿಗೆ ಮುಗಿಯಿತು.

ಎರಡು ಮನೆಗಳ ಗಂಡಸರು, ಅವರ ಜಮಾತಿನ ಹಿರಿಯರು, ಯಾರೂ ಅಮ್ಮನ ಮಾತಿಗೆ ಎರಡನೆಯ ಮಾತು ಆಡಲಿಲ್ಲ. ನಾಲ್ಕನೇ ಕ್ಲಾಸು ಓದಿದ ನನ್ನ ಅಮ್ಮ ನಿಂತಲ್ಲೇ ಒಂದು ಮದುವೆ ತಪ್ಪಿಸಿದ್ದಳು. ಮರುವರ್ಷ ನನ್ನ ಮದುವೆ ನಿಶ್ಚಯವಾಯಿತು. ಮಾಡಿದ್ದು ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ. ಅಮ್ಮನನ್ನು ಕೇಳಿದ್ದು ಊಟಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ಮಾತ್ರ. ಅವಳ ಮದುವೆಗೆ ಅಮ್ಮ ತಾಯಿಯಾಗಿದ್ದಳು, ನನ್ನ ಮದುವೆಗೆ ಅಡುಗೆಯ ಉಸ್ತುವಾರಿ. ಇದನ್ನು ನಾನು ಈಗಲೂ ಮರೆತಿಲ್ಲ.

ಸಂಬಂಧ ಮುರಿದ ಆ ಸಂಜೆ ಅವಳು ಹಿತ್ತಿಲ ಬಾಗಿಲಿನಿಂದ ಬಂದು ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅತ್ತಳು.

“ಒಂದು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ವಾ ಅಪ್ಪೆ ನಿಮಗೆ?”

“ಆಗ್ತಿತ್ತು. ಆಮೇಲೆ ನಿನ್ನ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಬಾಲೆ.”

ನಾನು ಬಾಗಿಲಲ್ಲಿ ನಿಂತಿದ್ದೆ. ಪಾಪ ಎಂದು ಅನಿಸಬೇಕಿತ್ತು, ಅನಿಸಿತು ಕೂಡ. ಅದರ ಜೊತೆಗೇ ಇನ್ನೊಂದು ಯೋಚನೆ ಬಂತು: ನನ್ನ ದುಃಖವನ್ನು ನಾನು ಎಂದೂ ಹೀಗೆ ಅಮ್ಮನ ಮಡಿಲಿಗೆ ಹಾಕಿದ್ದಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕರ್ಚೀಫಿನಲ್ಲಿ ಅಳಲು ಕಲಿಸಿದ್ದರು.

ಅವಳಿಗೆ ಬೇರೆ ಕಡೆ ಮದುವೆಯಾಯಿತು, ಜೆಪ್ಪಿಗೆ. ಗಂಡನಾಗಬೇಕಿದ್ದವನು ಆ ಮದುವೆಯಲ್ಲಿ ಅಣ್ಣನಾಗಿ ನಿಂತು ತುಪ್ಪದನ್ನ ಬಡಿಸಿದ. ಆಮೇಲೆ ದುಬಾಯಿಗೆ ಹೋದ. ರಜೆಯಲ್ಲಿ ಬಂದಾಗೆಲ್ಲ ಮೊದಲು ಅಮ್ಮನ ಕಾಲಬುಡದಲ್ಲಿ ಖರ್ಜೂರದ ಡಬ್ಬಿ ಇಟ್ಟು ಮತ್ತೆ ತಂಗಿಯ ಮನೆಗೆ ಹೋಗುತ್ತಿದ್ದ. ಅವನೂ ಈಗ ಇಲ್ಲ. ಅಮ್ಮ ಹೇಳುವ ನಾಲ್ಕರಲ್ಲಿ ಉಳಿದವರು ನಾವಿಬ್ಬರೇ, ನಾನು ಮತ್ತು ಅವಳು.

ಅವಳು ಈಗಲೂ ವಾರಕ್ಕೊಮ್ಮೆ ಬರುತ್ತಾಳೆ. ಮೊಣಕಾಲು ನೋವು, ಆಟೋದಿಂದ ಇಳಿಯುವಾಗ “ಯಾ ಅಲ್ಲಾ” ಎನ್ನುತ್ತಾಳೆ, ಮೆಟ್ಟಿಲು ಹತ್ತಿ ಬಂದು “ಅಪ್ಪೆ” ಎನ್ನುತ್ತಾಳೆ. ಕೈಯಲ್ಲಿ ಮೆಂತೆ ಗಂಜಿ ತುಂಬಿದ ಕ್ಯಾರಿಯರ್. ನಾನು ದಿನವೂ ಅಮ್ಮನಿಗೆ ಸ್ನಾನ ಮಾಡಿಸುತ್ತೇನೆ, ಮಾತ್ರೆ ಕೊಡುತ್ತೇನೆ, ರಾತ್ರಿ ಎದ್ದು ಬಾತ್‌ರೂಮಿಗೆ ನಡೆಸುತ್ತೇನೆ. ನಾನು ಮಾಡಿದ ಗಂಜಿಗೆ ಅಮ್ಮ “ಹ್ಞೂಂ” ಎನ್ನುತ್ತಾಳೆ. ಅವಳ ಗಂಜಿಗೆ ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಾಳೆ.

“ಅಕ್ಕ, ನೀನು ಮೆಂತೆ ಜಾಸ್ತಿ ನೆನೆಸ್ತಿ. ಅದಕ್ಕೆ ಕಹಿ,” ಎಂದು ಅವಳು ಸಲಹೆ ಕೊಡುತ್ತಾಳೆ.

“ಥ್ಯಾಂಕ್ಯೂ,” ಎನ್ನುತ್ತೇನೆ ನಾನು.

ಇಂಥವಳನ್ನು ಅಮ್ಮ ಸ್ಟೇಜಿಗೆ ಆರಿಸಿಕೊಂಡದ್ದು. ಕಾರ್ಯದರ್ಶಿ ಹೋದ ಮೇಲೆ ನಾನು ಲೋಟಗಳನ್ನು ಸದ್ದು ಮಾಡಿ ತೊಳೆದಿಟ್ಟೆ. ಮರುದಿನ ಅಗತ್ಯದಷ್ಟೇ ಮಾತು. ಮೂರನೆಯ ಬೆಳಿಗ್ಗೆ ಅಮ್ಮನ ತಲೆಗೆ ಎಣ್ಣೆ ಹಚ್ಚುತ್ತಾ ಇರುವಾಗ ಅವಳೇ ಕೇಳಿದಳು.

“ಎಂತ ಮಾರಾಯ್ತಿ, ಎಣ್ಣೆ ಹಚ್ಚುದಾ, ತೆಂಗಿನಕಾಯಿ ಸುಲಿಯುದಾ?”

ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟೆ. “ಮಮ್ಮಿ, ಒಂದು ಕೇಳ್ತೇನೆ. ಊರೆದುರು ನಿಮ್ಮ ಮಗಳಾಗಿ ನಿಲ್ಲಿಕ್ಕೆ ನಾನು ಸಾಲುದಿಲ್ವಾ?”

“ನೀನು ನನ್ನ ಮಗಳು ಅಂತ ಯಾರಿಗೆ ಗೊತ್ತಿಲ್ಲ? ಮೂಗು ನೋಡಿದ್ರೆ ಸಾಕು.”

“ಹಾಗಾದ್ರೆ?”

ಅಮ್ಮ ತಲೆ ತಿರುಗಿಸದೆ ಹೇಳಿದಳು. “ನಾನು ಹೋದ ದಿನ ನೀನು ನನ್ನ ಬಾಯಿಗೆ ನೀರು ಬಿಡ್ತಿ. ತಲೆ ಹತ್ತಿರ ಕೂತ್ಕೊಳ್ತಿ. ಅವಳು ಎಲ್ಲಿ ಕೂತ್ಕೊಳ್ಳುದು? ಹೊರಗೆ ಶಾಮಿಯಾನದ ಅಡಿ, ಬಂದವರೊಟ್ಟಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ.”

ಸತ್ತವರ ಬಾಯಿಗೆ ತುಳಸಿ ಎಲೆಯಿಂದ ನೀರು ಬಿಡುವುದು ನಮ್ಮಲ್ಲಿ ಹತ್ತಿರದ ರಕ್ತಸಂಬಂಧದವರ ಹಕ್ಕು. ನಾನೆಂದೆ, “ನಾನು ಕರೀತೇನೆ ಅವಳನ್ನು ಒಳಗೆ.”

“ನೀನು ಕರೀತಿ. ನಿನ್ನ ಅಣ್ಣನ ಮಗ ಎಂತ ಹೇಳ್ತಾನೆ? ನೆಂಟರು ಎಂತ ಹೇಳ್ತಾರೆ? ಈಗ ದಿನ ಹೇಗುಂಟು ಅಂತ ನಿನಗೆ ಪೇಪರ್ ಓದಿದ್ರೆ ಗೊತ್ತಾಗ್ತದೆ, ನನಗೆ ಓದದೆ ಗೊತ್ತುಂಟು. ಅವತ್ತು ಅವಳೇ ಹಿಂದೆ ನಿಲ್ತಾಳೆ. ಅವಳಿಗೆ ಸಿಕ್ಕುದು ಇದೊಂದು ಶಾಲು ಹೊದೆಸ್ಲಿಕ್ಕೆ. ಅದನ್ನು ಸಹ ನೀನೇ ಹೊದೆಸ್ಬೇಕಾ?”

ಕಾಲೇಜಿನ ಡಿಬೇಟಿನಲ್ಲಿ ಕಪ್ ಗೆದ್ದವಳು ನಾನು. ಆವತ್ತು ಬಾಚಣಿಗೆ ತೆಗೆದುಕೊಂಡು ಅಮ್ಮನ ಅಷ್ಟೇ ಅಷ್ಟು ಕೂದಲನ್ನು ಬಾಚಿ ಜಡೆ ಹಾಕಿದೆ. ಹೇಳಿದ್ದು ನ್ಯಾಯ ಎಂದು ಒಪ್ಪಿದೆ. ನ್ಯಾಯ ಒಪ್ಪಿದರೂ ಹೊಟ್ಟೆಕಿಚ್ಚು ಆರುವುದಿಲ್ಲ ಎಂಬುದು ನನಗೆ ಈ ವಯಸ್ಸಿನಲ್ಲಿ ಹೊಸ ಪಾಠವಲ್ಲ.

ಅವಳಿಗೆ ಫೋನ್ ಮಾಡುವ ಕೆಲಸ ನನಗೇ ಬಂತು. ವಿಷಯ ಹೇಳಿದೆ.

“ಹುಚ್ಚಾ ಅಪ್ಪೆಗೆ? ಅಕ್ಕ ಇರುವಾಗ ನಾನಾ?” ಎಂದಳು ಅವಳು. “ಜನ ನಗ್ತಾರೆ. ಇಲ್ಲದ ತಾಪತ್ರಯ. ನೀನೇ ಹೋಗು. ನನಗೆ ಆಗುದಿಲ್ಲ ಅಂತ ಹೇಳು.”

ಎಷ್ಟು ಸುಲಭ. ಅವಳೇ ಬೇಡ ಅಂದಳು ಎಂದು ಅಮ್ಮನಿಗೆ ಹೇಳಿದರೆ ಮುಗಿಯಿತು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಪಾಟಿನಲ್ಲಿ ಇಸ್ತ್ರಿ ಮಾಡಿಸಿದ ಸೀರೆ ಇತ್ತು. ಆಚೆ ಕೋಣೆಯಲ್ಲಿ ಅಮ್ಮ ಕಿವಿಗೊಟ್ಟು ಕೂತಿದ್ದಾಳೆಂದು ಗೊತ್ತಿತ್ತು, ಅವಳಿಗೆ ಬೇಕಾದಾಗ ಕಿವಿ ಚೆನ್ನಾಗಿ ಕೇಳುತ್ತದೆ. ಆದರೂ ಹಾಗೆ ಹೇಳಲಾಗಲಿಲ್ಲ, ಅಮ್ಮನಿಗೆ ಹೆದರಿ ಅಲ್ಲ. ಜಗಲಿಯಲ್ಲಿ ಪಡಿ ಹಿಡಿದು ನಿಂತವಳ ಹಿಂದೆ ನಿಂತಿದ್ದವಳು ನಾನು. ಆ ಸಂಜೆ ಅಮ್ಮನಿಗೂ ಸುಲಭದ ಉತ್ತರ ಒಂದಿತ್ತು.

“ಕೇಳಿದ್ದಲ್ಲ, ಅಪ್ಪೆಯ ಆರ್ಡರ್,” ಎಂದೆ. ಅಪ್ಪೆ ಎಂಬ ಮಾತು ನನ್ನ ಬಾಯಿಗೆ ಬಂದದ್ದು ಎಷ್ಟು ವರ್ಷಗಳ ಮೇಲೋ. “ಭಾನುವಾರ ನಾಲ್ಕು ಗಂಟೆಗೆ ನನ್ನ ಮಗಳು ಕಾರು ತರ್ತಾಳೆ. ರೆಡಿ ಇರು.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. “ಅಕ್ಕ, ಮೈಕಿನಲ್ಲಿ ನಾನು ಎಂತ ಹೇಳುದು? ನಿನ್ನ ಹಾಗೆ ಮಾತಾಡ್ಲಿಕ್ಕೆ ನನಗೆ ಬರುದಿಲ್ಲ.”

“ಏನಾದ್ರೂ ಹೇಳು,” ಎಂದು ಫೋನಿಟ್ಟೆ. ನಾನು ಮನಸ್ಸಿನಲ್ಲಿ ಕಟ್ಟಿದ ಭಾಷಣ ಅವಳಿಗೆ ಕೊಡಬಹುದಿತ್ತು. ಕೊಡಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಭಾನುವಾರ ಹಾಲ್ ತುಂಬಿತ್ತು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ನಾನು ಎರಡನೆಯ ಸಾಲಿನಲ್ಲಿ ಮಗಳ ಪಕ್ಕ ಕೂತೆ. ಅಮ್ಮನ ಹೆಸರು ಕರೆದಾಗ ಜೆಪ್ಪಿನವಳು ಅಮ್ಮನ ಕೈಹಿಡಿದು ಮೆಟ್ಟಿಲು ಹತ್ತಿದಳು. ಇಬ್ಬರದೂ ಕೆಟ್ಟ ಮೊಣಕಾಲು. ಯಾರು ಯಾರನ್ನು ಹತ್ತಿಸುತ್ತಿದ್ದಾರೆ ಎಂದು ಹೇಳುವುದು ಕಷ್ಟವಿತ್ತು. ತಲೆಗೆ ಬಟ್ಟೆ ಹಾಕಿದ ಬ್ಯಾರಿ ಹೆಂಗಸನ್ನು ಕಂಡು ಹಾಲಿನಲ್ಲಿ ಒಂದು ಗುಜುಗುಜು ಎದ್ದಿತು. ಅವಳು ಶಾಲನ್ನು ಅಮ್ಮನ ಹೆಗಲಿಗೆ ಹೊದೆಸಿ, ಅಂಚು ಸರಿಮಾಡಿ, ಮೈಕಿನೆದುರು ನಿಂತಳು.

“ನನ್ನ ಉಮ್ಮನಿಗೆ ಹುಷಾರಿಲ್ಲದಾಗ ಇವರು ನನಗೆ ಹಾಲು ಕೊಟ್ಟದ್ದು,” ಎಂದಳು. “ಹಾಗೆ ಇವರು ನನ್ನ ಅಪ್ಪೆ. ಆಮೇಲೆ ನನ್ನದೊಂದು ಮದುವೆ ಸಹ ತಪ್ಪಿಸಿದ್ರು.” ಜನ ನಕ್ಕರು. ನಗು ನಿಲ್ಲುವವರೆಗೆ ಅವಳು ಕಾದಳು. ಅದನ್ನು ಯಾರು ಕಲಿಸಿದರೋ. “ಹುಡುಗನಿಗೂ ಇವರದ್ದೇ ಹಾಲು. ಇಲ್ಲ ಅಂತ ಇವರು ಹೇಳ್ಬಹುದಿತ್ತು, ಕೇಳುವವರು ಯಾರೂ ಇರ್ಲಿಲ್ಲ. ಹೇಳ್ಲಿಲ್ಲ. ಅವತ್ತಿನಿಂದ ನಮ್ಮ ಕುಟುಂಬದಲ್ಲಿ ಯಾವ ಮದುವೆ ಮಾತು ಬಂದ್ರೂ ಮೊದಲು ಕೇಳುದು ಒಂದೇ, ಯಾರ ಹಾಲು ಕುಡಿದದ್ದು ಅಂತ. ನನ್ನ ಮಕ್ಕಳದ್ದು ಕೇಳಿದ್ದೇನೆ, ಮೊಮ್ಮಕ್ಕಳದ್ದು ಕೇಳ್ತಾ ಇದ್ದೇನೆ. ಇವರು ಕಲಿಸಿದ್ದು. ಅಷ್ಟೇ.”

ಚಪ್ಪಾಳೆ ಬಿತ್ತು. ನನ್ನ ಭಾಷಣ ಇದಕ್ಕಿಂತ ಉದ್ದವಿತ್ತು. ಅದರಲ್ಲಿ ತ್ಯಾಗ, ಮಮತೆ, ದೀಪ ಎಲ್ಲ ಇತ್ತು. ಅಮ್ಮ ಇರಲಿಲ್ಲ.

ಪಕ್ಕದ ಸೀಟಿನ ಹೆಂಗಸು ನನ್ನ ಕಡೆ ಬಾಗಿ ಕೇಳಿದರು, “ನಿಮಗೆ ಅವರು ಎಂತ ಆಗ್ಬೇಕು?”

“ನಮ್ಮ ಅಮ್ಮನ ಮಗಳು,” ಎಂದೆ. ತಂಗಿ ಎನ್ನಲು ನಾಲಗೆ ಏಳಲಿಲ್ಲ. ಆದರೆ ಹೇಳಿದ್ದು ಪಕ್ಕದವರಿಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

ಆಮೇಲೆ ಮನೆಯವರೆಲ್ಲ ಫೋಟೋಕ್ಕೆ ಬನ್ನಿ ಎಂದು ಮೇಲೆ ಕರೆದರು. ನಾನು ಹತ್ತಿ ಹೋದೆ. ಅಮ್ಮ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಅವಳ ಬಲಗೈ ಜೆಪ್ಪಿನವಳ ಎರಡೂ ಕೈಗಳ ನಡುವೆ ಇತ್ತು. ಎಡಗೈಯಲ್ಲಿ ಸಂಘದ ಸ್ಮರಣಿಕೆ, ಗಾಜಿನದ್ದು, ದೊಡ್ಡದು. ನಾನು ಎಡಗಡೆ ನಿಂತು ಅದನ್ನು ಮೆಲ್ಲ ಬಿಡಿಸಿ ತೆಗೆದು ಕಾರ್ಯದರ್ಶಿಯ ಕೈಗೆ ಕೊಟ್ಟೆ.

“ಮೇಡಂ, ಮೊಮೆಂಟೊ ಫೋಟೋದಲ್ಲಿ ಬರ್ಬೇಕು,” ಎಂದ ಫೋಟೋದವನು.

“ಬೇಡ,” ಎಂದು ನಾನು ಅಮ್ಮನ ಎಡಗೈ ಹಿಡಿದುಕೊಂಡೆ. “ಈಗ ತೆಗಿ.”